ಪಂಪ್ ಬದಲಿಸುವ ಮುಂಚೆ: ದೊಡ್ಡ ಅಕ್ವೇರಿಯಂನ ರಿಟರ್ನ್ ಲೈನ್ ದೋಷ ಹುಡುಕುವ ಬಗೆ

“ಸರ್ರ, ಪಂಪ್ ವೀಕ್ ಆಗೇತ್ರಿ. ನೀರು ಮ್ಯಾಲ ಏರವಲ್ದು. ಎಷ್ಟು ಲೀಟರಿಂದು ತರ್ಲಿ?”

ದೊಡ್ಡ ತೊಟ್ಟಿ ಇಟ್ಟವರಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದೇ. ಹುಬ್ಬಳ್ಳಿ-ಧಾರವಾಡದಲ್ಲಿ ಹಾಲ್‌ನ ಗೋಡೆಗೆ ಐದಡಿ, ಆರಡಿ ತೊಟ್ಟಿ ಕಟ್ಟಿಸಿ ಆಸ್ಕರ್, ಅರೋವಾನಾ ಸಾಕುವವರು ಕ್ಯಾಬಿನೆಟ್ ಒಳಗೆ ಫಿಲ್ಟರ್ ಸಂಪ್ ಇಡುತ್ತಾರೆ. ಮೇಲಿನ ತೊಟ್ಟಿಯ ನೀರು ಓವರ್‌ಫ್ಲೋ ಪೈಪಿನಿಂದ ತಾನಾಗಿ ಸಂಪಿಗೆ ಇಳಿಯುತ್ತದೆ, ಸ್ಪಂಜು-ಮೀಡಿಯಾ ದಾಟಿ ಕೊನೆಯ ಖಾನೆಗೆ ಬರುತ್ತದೆ, ಅಲ್ಲಿಂದ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಈ ಸುತ್ತು ಸಣ್ಣಗಾದ ಕೂಡಲೇ ಎಲ್ಲರ ಕಣ್ಣು ಪಂಪಿನ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡದು ತರುತ್ತಾರೆ. ಒಂದೆರಡು ವಾರ ಸರಿ ಅನ್ನಿಸುತ್ತದೆ, ಆಮೇಲೆ ಅದೇ ಕಥೆ, ಮೇಲಿಂದ ಕರೆಂಟ್ ಬಿಲ್ಲೂ ಏರಿರುತ್ತದೆ. ದೋಷ ಪಂಪಿನಲ್ಲಿದೆಯೋ ಪೈಪಿನಲ್ಲಿದೆಯೋ ಎಂದು ಬೇರ್ಪಡಿಸದೆ ದುಡ್ಡು ಬಿಚ್ಚಬೇಡಿ ಎಂಬುದೇ ನನ್ನ ಕಳಕಳಿ. ಬೇರ್ಪಡಿಸುವುದಕ್ಕೆ ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಅರ್ಧ ತಾಸು ಸಾಕು.

ಮೊದಲು ಕರೆಂಟಿನ ಮಾತು

ಸಂಪಿಗೆ ಕೈ ಹಾಕುವ ಮುಂಚೆ ಪಂಪ್, ಹೀಟರ್ ಎರಡರ ಪ್ಲಗ್ಗನ್ನೂ ಕಿತ್ತು ಹೊರಗಿಡಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಕಟ್ಟಿರುವುದುಂಟು, ಆಗ ಸ್ವಿಚ್ ಆರಿದ್ದರೂ ಪಂಪಿನವರೆಗೆ ಫೇಸ್ ಬಂದು ನಿಂತಿರುತ್ತದೆ. ನೀರು ಮುಟ್ಟಿದಾಗ ಬೆರಳು ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ, ಮೇನ್ ಆರಿಸಿ. ಹೆಚ್ಚಾಗಿ ಇಂಥ ಸೋರಿಕೆ ಗಾಜು ಬಿರಿದ ಹೀಟರಿನಿಂದಲೋ ಮೈ ಸೀಳಿದ ಪಂಪಿನಿಂದಲೋ ಬಂದಿರುತ್ತದೆ. ಅಂಥ ಪಂಪನ್ನು ಎಂ-ಸೀಲ್ ಹಚ್ಚಿ ಮತ್ತೆ ಓಡಿಸುವ ಮಾತೇ ಬೇಡ, ಬಿಸಾಡಿ. ಅಕ್ವೇರಿಯಂ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸುವುದು ಮೀನಿಗಿಂತ ಮೊದಲು ಮಾಡಿಸಬೇಕಾದ ಕೆಲಸ. ಮಕ್ಕಳಿರುವ ಮನೆಯಾದರೆ ಇದರಲ್ಲಿ ಎರಡನೇ ಮಾತಿಲ್ಲ. ಪಂಪಿನ ವೈರು ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರುವಂತಿರಲಿ. ವೈರ್ ಗುಂಟ ಹರಿದ ನೀರು ಸಾಕೆಟ್ಟಿಗೆ ಸೇರದೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಎಷ್ಟು ಹರಿಯುತ್ತಿದೆ ಎಂದು ಅಳೆಯಿರಿ

“ಕಮ್ಮಿ ಆಗೇತಿ” ಎನ್ನುವುದು ಕಣ್ಣಂದಾಜು. ಔಟ್‌ಲೆಟ್ ನೀರಿನಡಿ ಇದ್ದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಮೇಲೆ ಏರಿದಷ್ಟೇ ಕೆಳಗೆ ಇಳಿಯಬೇಕು, ಆದ್ದರಿಂದ ಸಂಪಿಗೆ ಇಳಿಯುವ ನೀರನ್ನು ಹಿಡಿದರೂ ಅಷ್ಟೇ. ಇಳಿಯುವ ಪೈಪಿನ ಬಾಯಿಗೆ ಒಂದು ಗೇಣು ಉದ್ದದ ದಪ್ಪ ಹೋಸ್ ಸಿಗಿಸಿ 10 ಲೀಟರಿನ ಬಕೆಟ್ಟಿಗೆ ತಿರುಗಿಸಿ, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 36000 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ತಾಸಿಗೆ ಎಷ್ಟು ಲೀಟರ್ ಎಂಬುದು ಬರುತ್ತದೆ. 18 ಸೆಕೆಂಡಿಗೆ ತುಂಬಿದರೆ ತಾಸಿಗೆ 2000 ಲೀಟರ್, 36 ಸೆಕೆಂಡ್ ಹಿಡಿದರೆ 1000.

ಎಷ್ಟಿರಬೇಕು? ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಅಂದರೆ 20 ಘನ ಅಡಿ, ಸುಮಾರು 566 ಲೀಟರ್. ಮೇಲೆ ಬಿಟ್ಟ ಜಾಗ, ಕಲ್ಲು, ಮರಳು ಕಳೆದರೆ ಐನೂರರ ಆಸುಪಾಸು ನೀರು. ಸಂಪಿನ ಮೂಲಕ ತಾಸಿಗೆ ನಾಲ್ಕೈದು ಸುತ್ತು ಬಂದರೆ ಫಿಲ್ಟರಿಗೆ ಸಾಕು. ಆಸ್ಕರಿನಂಥ ಹೊಲಸು ಮಾಡುವ ಮೀನಿದ್ದರೆ ಐದರ ಕಡೆಗೆ ವಾಲಿರಿ. ಅಂದರೆ ತಾಸಿಗೆ 2000ದಿಂದ 2500 ಲೀಟರ್ ನಿಜವಾದ ಹರಿವು. ನಿಮ್ಮ ಅಳತೆ ಇದರೊಳಗಿದ್ದು ಮೀನು ಮಾತ್ರ ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ದೋಷ ಪಂಪಿನದಲ್ಲ. ನೀರಿನ ಮೇಲ್ಮೈ ಅಲುಗುತ್ತಿದೆಯೇ, ಮೀನಿನ ಸಂಖ್ಯೆ ಹೆಚ್ಚಿದೆಯೇ, ಸ್ಪಂಜು ಎಂದು ತೊಳೆದದ್ದು ಎಂಬುದರ ಕಡೆಗೆ ಹೋಗಿ.

ಅಳೆಯುವ ಹೊತ್ತಿಗೆ ಸಂಪಿನ ಕೊನೆಯ ಖಾನೆಯ ಮಟ್ಟವನ್ನೂ ನೋಡಿಬಿಡಿ. ಸಂಪಿನ ವ್ಯವಸ್ಥೆಯಲ್ಲಿ ಆವಿಯಾಗುವ ನೀರಿನ ಲೆಕ್ಕವೆಲ್ಲ ಬಂದು ಬೀಳುವುದು ಆ ಖಾನೆಯಲ್ಲೇ. ಮೇಲಿನ ತೊಟ್ಟಿ ತುಂಬಿದಂತೆಯೇ ಕಾಣುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ, ಫ್ಯಾನ್ ಕೆಳಗಿನ ತೊಟ್ಟಿಯಲ್ಲಿ, ಖಾನೆ ಬೇಗ ಬತ್ತಿ ಪಂಪಿನ ಬಾಯಿಗೆ ಗಾಳಿ ಸೇರುತ್ತದೆ. ಆಗ ಹರಿವು ಇಳಿಯುತ್ತದೆ, ತೊಟ್ಟಿಯ ತುಂಬ ಹಿಟ್ಟಿನಂಥ ಸಣ್ಣ ಗುಳ್ಳೆ, ಪಂಪಿನಲ್ಲಿ ಚರಚರ ಸದ್ದು. ಕ್ಲೋರಿನ್ ತೆಗೆದ ನೀರನ್ನು ಗುರುತಿನವರೆಗೆ ತುಂಬಿದರೆ ಎಲ್ಲ ಸರಿಹೋಗುತ್ತದೆ. ಆ ಗುರುತನ್ನು ಗಾಜಿನ ಮೇಲೆ ಮಾರ್ಕರಿನಿಂದ ಈಗಲೇ ಗೀಚಿಡಿ.

ಪಂಪೋ, ಪೈಪೋ?

ಖಾನೆ ತುಂಬಿದ್ದೂ ಹರಿವು ಕಮ್ಮಿಯಿದ್ದರೆ ಪ್ಲಗ್ ಕಿತ್ತು, ಯೂನಿಯನ್ (ಕೈಯಿಂದ ತಿರುಗಿಸಿ ಬಿಚ್ಚಬಹುದಾದ ಪೈಪ್ ಜೋಡಣೆ) ಬಿಚ್ಚಿ, ಪಂಪನ್ನು ಪೈಪಿನಿಂದ ಬೇರೆ ಮಾಡಿ. ದೊಡ್ಡ ಟಬ್ಬಿನಲ್ಲಿ ಮುಳುಗಿಸಿ, ಬಾಯಿಗೆ ಏನೂ ಸಿಗಿಸದೆ ಓಡಿಸಿ. ನೀರು ಜೋರಾಗಿ ಉಕ್ಕಿ ಬಂದರೆ ಪಂಪ್ ಗಟ್ಟಿಯಿದೆ, ದೋಷ ದಾರಿಯಲ್ಲಿದೆ. ಇಲ್ಲೂ ಸೊರಗಿದಂತೆ ಬಂದರೆ ಪಂಪ್ ಬಿಚ್ಚುವ ಕೆಲಸ. ಇಷ್ಟೇ ಪರೀಕ್ಷೆ, ಆದರೆ ಇದನ್ನು ಮಾಡುವವರು ಕಮ್ಮಿ. ಯೂನಿಯನ್ನೇ ಇಲ್ಲದೆ ಪಂಪಿಗೆ ನೇರವಾಗಿ ಪೈಪ್ ಅಂಟಿಸಿಬಿಟ್ಟಿರುತ್ತಾರೆ, ಬಿಚ್ಚಬೇಕೆಂದರೆ ಗರಗಸವೇ ಬೇಕು. ಹಾಗಿದ್ದರೆ ಈ ಸಲ ಕತ್ತರಿಸಿ, ಒಂದು ಯೂನಿಯನ್ ಕೂಡಿಸಿ.

ಕೇಶ್ವಾಪುರದ ಪರಿಚಯದವರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಐದಡಿ ತೊಟ್ಟಿ, ಎರಡು ದೊಡ್ಡ ಆಸ್ಕರ್, ಪೆಟ್ಟಿಗೆಯ ಮೇಲೆ ತಾಸಿಗೆ 4000 ಲೀಟರ್ ಎಂದು ಬರೆದ ಪಂಪ್. ಬಕೆಟ್ ಹಿಡಿದರೆ ಒಂದು ಸಾವಿರವೂ ಮುಟ್ಟಲಿಲ್ಲ. “ಆರ್ ಸಾವಿರದ್ದು ಹಾಕಿಬಿಡೂಣ್ರಿ” ಎಂದು ಅವರು ದುಡ್ಡು ಎಣಿಸಿಟ್ಟಿದ್ದರು. ಟಬ್ಬಿನಲ್ಲಿ ಇಟ್ಟರೆ ಅದೇ ಪಂಪ್ ನೀರನ್ನು ಟಬ್ಬಿನಾಚೆ ಚಿಮ್ಮಿಸಿತು. ಲೈನ್ ನೋಡುತ್ತ ಹೋದೆವು: ಮುಕ್ಕಾಲು ಇಂಚಿನ ಪೈಪು, ಕ್ಯಾಬಿನೆಟ್ಟಿನ ಮೂಲೆಮೂಲೆಗೂ ಎಲ್ಬೋ, ನಡುವೆ ಒಂದು ಸ್ಪ್ರಿಂಗಿನ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಸ್ಪ್ರಿಂಗಿನ ಸುತ್ತ ಸುಣ್ಣದ ಬಿಳಿ ಪೊರೆ, ಮುಚ್ಚಳದ ಸಂದಿನಲ್ಲಿ ಮೊನಚು ಚಿಪ್ಪಿನ ಸಣ್ಣ ಬಸವನಹುಳು ಸಿಕ್ಕಿಕೊಂಡಿತ್ತು. ಹಿಂದೆ ಇನ್ನೂ ನಾಲ್ಕಾರು ಚಿಪ್ಪು. ಮುಚ್ಚಳ ಕಾಲುಭಾಗ ತೆರೆದು ಅಲ್ಲೇ ಜಾಮ್ ಆಗಿತ್ತು. ಎನ್‌ಆರ್‌ವಿ ತೆಗೆದು, ಪೈಪನ್ನು ಒಂದು ಇಂಚಿಗೆ ಏರಿಸಿ, ಎರಡು ಎಲ್ಬೋ ಉಳಿಸಿದ ಮೇಲೆ ಅದೇ ಪಂಪು 2000 ದಾಟಿತು.

ಪೈಪಿನ ಲೆಕ್ಕ

ಪೆಟ್ಟಿಗೆಯ ಮೇಲಿನ ಅಂಕಿ ಸೊನ್ನೆ ಎತ್ತರದ್ದು, ಪೈಪೇ ಇಲ್ಲದ್ದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎಚ್-ಮ್ಯಾಕ್ಸ್ ಎಂದು ಇನ್ನೊಂದು ಅಂಕಿ ಇರುತ್ತದೆ: ಅಷ್ಟು ಎತ್ತರಕ್ಕೆ ಹೋದರೆ ಪಂಪ್ ತಿರುಗುತ್ತಿದ್ದರೂ ಒಂದು ಹನಿ ಹೊರಬರದು. ಇವೆರಡರ ನಡುವೆ ಎತ್ತರ ಏರಿದಂತೆ ಹರಿವು ಇಳಿಯುತ್ತ ಹೋಗುತ್ತದೆ. 3000 ಲೀಟರ್, ಎಚ್-ಮ್ಯಾಕ್ಸ್ 2.5 ಮೀಟರ್ ಎಂದು ಬರೆದ ಪಂಪನ್ನು ಐದಡಿ, ಅಂದರೆ ಒಂದೂವರೆ ಮೀಟರ್ ಎತ್ತರಕ್ಕೆ ದುಡಿಸಿದರೆ ಅರ್ಧ ಉಳಿದರೇ ಹೆಚ್ಚು. ಈ ಎತ್ತರವನ್ನು ಅಳೆಯಬೇಕಾದದ್ದು ಸಂಪಿನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ನೀರಿನ ಮಟ್ಟದವರೆಗೆ. ಪಂಪಿನ ಬುಡದಿಂದ ಅಳೆಯುವವರಿದ್ದಾರೆ, ಅದು ತಪ್ಪು ಲೆಕ್ಕ.

ಇದರ ಮೇಲೆ ಪೈಪಿನ ತಿಕ್ಕಾಟ ಕೂಡುತ್ತದೆ. ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಎರಡು ಮೀಟರ್ ಪೈಪು, ನಾಲ್ಕು ಎಲ್ಬೋ, ತಾಸಿಗೆ 2000 ಲೀಟರ್ ಎಂದು ಹಿಡಿಯಿರಿ. ಒಳಗಿನ ತೂತು 25 ಮಿಲಿಮೀಟರ್ ಇರುವ ಒಂದು ಇಂಚಿನ ಪೈಪಿನಲ್ಲಿ ಈ ತಿಕ್ಕಾಟ ಸುಮಾರು 0.4 ಮೀಟರ್ ಎತ್ತರಕ್ಕೆ ಸಮ. 20 ಮಿಲಿಮೀಟರಿಗೆ ಇಳಿದರೆ ಒಂದು ಮೀಟರ್ ದಾಟುತ್ತದೆ. 15 ಮಿಲಿಮೀಟರ್, ಅಂದರೆ ಅರ್ಧ ಇಂಚಿನ ಪೈಪಾದರೆ ನಾಲ್ಕು ಮೀಟರಿನ ಹತ್ತಿರ! ತೊಟ್ಟಿ ಇರುವುದು ಐದಡಿ ಎತ್ತರದಲ್ಲಿ, ಪಂಪ್ ಮಾತ್ರ ಎರಡನೇ ಅಂತಸ್ತಿಗೆ ನೀರೆತ್ತಿದಂತೆ ಏದುಸಿರು ಬಿಡುತ್ತಿರುತ್ತದೆ. ಪೈಪಿನ ತೂತು ಕಿರಿದಾದಂತೆ ತಿಕ್ಕಾಟ ಸುಮಾರಾಗಿ ಐದನೇ ಘಾತದ ಲೆಕ್ಕದಲ್ಲಿ ಏರುವುದರಿಂದ ಹೀಗಾಗುತ್ತದೆ. ಕಾಲು ಇಂಚಿನ ವ್ಯತ್ಯಾಸಕ್ಕೆ ಅಷ್ಟು ಬೆಲೆ.

ಪಂಪಿನ ಬಾಯಿ ಮುಕ್ಕಾಲು ಇಂಚಿದ್ದರೆ ಪೈಪೂ ಮುಕ್ಕಾಲೇ ಇರಬೇಕೆಂಬ ನಿಯಮವಿಲ್ಲ. ಬಾಯಿಂದ ಹೊರಬಂದ ಕೂಡಲೇ ರೆಡ್ಯೂಸರ್ ಹಾಕಿ ಒಂದು ಇಂಚಿಗೋ ಒಂದೂಕಾಲಿಗೋ ಅಗಲಿಸಿ. ಮೇಸ್ತ್ರಿ “ಮನಿ ನಳಕ್ಕ ಅರ್ಧ ಇಂಚೇ ಹಾಕ್ತೀವ್ರಿ, ಇದಕ್ಕ ಯಾಕ್ರಿ ಇಷ್ಟ ದಪ್ಪ” ಎಂದು ಕೇಳಿಯೇ ಕೇಳುತ್ತಾನೆ. ಮನೆಯ ನಳಕ್ಕೆ ತಾರಸಿಯ ಟ್ಯಾಂಕಿನ ಒತ್ತಡವಿದೆ, ನಮ್ಮ ಪಂಪಿಗೆ ಅದಿಲ್ಲ ಎಂದು ತಿಳಿಸಿ ಹೇಳಿ. ತಿರುವು ಬೇಕಾದಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿದರೆ ನೀರು ಸಲೀಸಾಗಿ ತಿರುಗುತ್ತದೆ. ಮೆತ್ತನೆಯ ಹೋಸ್ ಹಾಕಿದ್ದರೆ ಕ್ಯಾಬಿನೆಟ್ಟಿನ ಹಿಂದೆ ಕೈಯಾಡಿಸಿ ನೋಡಿ. ಬೇಸಿಗೆಯಲ್ಲಿ ಮೆತ್ತಗಾಗಿ ಬಾಗಿನಲ್ಲಿ ಮಡಿಚಿಕೊಂಡಿರುತ್ತದೆ.

ಪೈಪ್ ಕೊಳ್ಳುವಾಗ ಇನ್ನೊಂದು ಎಚ್ಚರ. ಹಾರ್ಡ್‌ವೇರ್ ಅಂಗಡಿಯಲ್ಲಿ ಥ್ರೆಡ್ ಇರುವ ಎಲ್ಬೋ ಕೇಳಿದರೆ ಒಳಗೆ ಹಿತ್ತಾಳೆ ಬಳೆ ಇರುವುದನ್ನು ಕೊಡುತ್ತಾರೆ, ಗಟ್ಟಿ ಎಂಬ ಸದ್ಭಾವನೆಯಿಂದಲೇ. ಹಿತ್ತಾಳೆಯಲ್ಲಿ ತಾಮ್ರವಿದೆ. ತಾಮ್ರ ಸೀಗಡಿ, ಬಸವನಹುಳುಗಳಿಗೆ ನಂಜು, ಮೀನಿಗೂ ಒಳ್ಳೆಯದಲ್ಲ. ಜಿಐ ಪೈಪಿನ ಸತುವೂ ಹಾಗೆಯೇ. ಪೂರ್ತಿ ಪ್ಲಾಸ್ಟಿಕ್ ಥ್ರೆಡ್‌ನ ಯುಪಿವಿಸಿ ಕೇಳಿ ತನ್ನಿ. ಗಾಜಿಗೆ ಹಾಕುವ ಟ್ಯಾಂಕ್ ನಿಪ್ಪಲ್ಲಿನ ರಬ್ಬರ್ ವಾಷರ್ ಬಿರಿದಿಲ್ಲವೇ ನೋಡಿ. ಸಾಲ್ವೆಂಟ್ ಹಚ್ಚಿದ ಜೋಡಣೆ ಒಂದು ದಿನ ಒಣಗಲಿ, ಒಮ್ಮೆ ನೀರು ಹಾಯಿಸಿ ತೊಳೆದು ಚೆಲ್ಲಿ, ಆಮೇಲೆ ತೊಟ್ಟಿಗೆ ಕೂಡಿಸಿ.

ದೋಷ ಪಂಪಿನದೇ ಆದರೆ

ಮುಂದಿನ ಜಾಲರಿ ತೆಗೆದು, ಮುಚ್ಚಳ ತಿರುಗಿಸಿದರೆ ಇಂಪೆಲ್ಲರ್, ಅಂದರೆ ನೀರು ತಳ್ಳುವ ಎಲೆಗಳಿರುವ ಅಯಸ್ಕಾಂತದ ಚಕ್ರ, ಹೊರಬರುತ್ತದೆ. ಅಯಸ್ಕಾಂತದ ಎಳೆತಕ್ಕೆ ಸ್ವಲ್ಪ ಬಿಗಿ ಅನ್ನಿಸುತ್ತದೆ, ನೇರವಾಗಿ ಎಳೆಯಿರಿ, ಓರೆ ಮಾಡಿದರೆ ಸೆರಾಮಿಕ್ ಕಡ್ಡಿ ಮುರಿಯುತ್ತದೆ. ಕಡ್ಡಿಯ ತುದಿಯ ಸಣ್ಣ ರಬ್ಬರ್ ಬುಷ್ ಕುಳಿಯ ತಳದಲ್ಲೇ ಉಳಿದುಬಿಡುವುದುಂಟು, ಅದನ್ನು ಟಾರ್ಚ್ ಹಿಡಿದು ಹುಡುಕಿ ತೆಗೆಯಿರಿ. ಬುಷ್ ಇಲ್ಲದೆ ಜೋಡಿಸಿದ ಪಂಪ್ ಗಡಗಡ ಎನ್ನುತ್ತದೆ, ಕೆಲವು ದಿನದಲ್ಲಿ ಕುಳಿಯ ಗೋಡೆಯನ್ನೇ ಸವೆಸುತ್ತದೆ.

ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನಳದ ನೀರು ಬಳಸುವವರಿಗೆ ಸುಣ್ಣದ ಕಾಟ ಕಮ್ಮಿ. ಮಳೆಗಾಲದಲ್ಲಿ ನೀರು ಕೆಂಪಾಗಿ ಬಂದಾಗ ಸಣ್ಣ ರಾಡಿ ಕೂಡುತ್ತದೆ, ತಿಕ್ಕಿದರೆ ಹೋಗುತ್ತದೆ. ನಳ ನಾಲ್ಕಾರು ದಿನ ಬರದಿದ್ದಾಗ ಬೋರ್ ನೀರಿಗೆ ಕೈ ಹಾಕುವ ಮನೆಗಳಲ್ಲಿ, ಅದರಲ್ಲೂ ಗದಗ, ನವಲಗುಂದ ಕಡೆಯ ಸವಳು ಬೋರಿನ ನೀರಿನಲ್ಲಿ, ಇಂಪೆಲ್ಲರಿನ ಎಲೆಗಳ ನಡುವೆಯೇ ಬಿಳಿ ಕಲ್ಲು ಕಟ್ಟುತ್ತದೆ. ಬ್ರಷ್ಷಿಗೆ ಅದು ಜಗ್ಗದು. ವಿನೆಗರಿಗೆ ಸಮ ನೀರು ಬೆರೆಸಿ ಒಂದೆರಡು ತಾಸು ನೆನೆಹಾಕಿ, ಇಲ್ಲವೇ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲದ ಪುಡಿ. ಗುಳ್ಳೆಯೆದ್ದು ಕಲ್ಲು ಕರಗುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಸಂಡಾಸು ತೊಳೆಯುವ ಆ್ಯಸಿಡ್ ಹತ್ತಿರವೂ ತರಬೇಡಿ.

ತೊಳೆದ ಮೇಲೆ ಇಂಪೆಲ್ಲರನ್ನು ಬೆರಳಲ್ಲಿ ಹಿಡಿದು ಅಯಸ್ಕಾಂತದ ಮೈ ನೋಡಿ. ಹೊದಿಕೆ ಬಿರಿದು ತುಕ್ಕು ಇಣುಕುತ್ತಿದ್ದರೆ, ಮೈ ಉಬ್ಬಿ ಕುಳಿಗೆ ಉಜ್ಜುತ್ತಿದ್ದರೆ, ಅದಕ್ಕೆ ಮದ್ದಿಲ್ಲ. ಇಂಪೆಲ್ಲರ್ ಬದಲಿಸಿ. ಪಂಪಿನ ಮೈ ಸರಿಯಿದ್ದರೆ ಹೊಸ ಪಂಪ್ ಬೇಕಿಲ್ಲ.

ಪಂಪ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಕಸ ಸಿಕ್ಕಿರಬೇಕು, ಕಡ್ಡಿ ಮುರಿದಿರಬೇಕು, ಇಲ್ಲವೇ ಇನ್ವರ್ಟರ್ ತಕರಾರು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಈ ಪಂಪುಗಳು ಬಿಸಿಯಾಗಿ ಗುಂಯ್‌ಗುಡುತ್ತವೆ, ಸೈನ್ ವೇವ್ ಇದ್ದರೆ ತೊಂದರೆಯಿಲ್ಲ. “ವೋಲ್ಟೇಜ್ ಕಮ್ಮಿ, ಅದಕ್ಕ ನಿಧಾನ ತಿರಗತೈತಿ” ಎಂಬ ಮಾತನ್ನು ಮಾತ್ರ ನಂಬಬೇಡಿ. ಅಯಸ್ಕಾಂತದ ಇಂಪೆಲ್ಲರಿನ ಸಣ್ಣ ಎಸಿ ಪಂಪ್ ಕರೆಂಟಿನ 50 ಹರ್ಟ್ಸ್‌ಗೆ ಹೆಜ್ಜೆ ಹಾಕಿ ತಿರುಗುತ್ತದೆ. ವೋಲ್ಟೇಜ್ ತೀರಾ ಇಳಿದರೆ ಅದು ಶುರುವಾಗದೆ ನಡುಗುತ್ತದೆಯೇ ಹೊರತು ಅರ್ಧ ವೇಗದಲ್ಲಿ ಓಡುವುದಿಲ್ಲ. ಇದರದೇ ಇನ್ನೊಂದು ಮುಖ: ವಿದೇಶದಿಂದ ತಂದ ಪಂಪಿನ ಪೆಟ್ಟಿಗೆಯ ಅಂಕಿ 60 ಹರ್ಟ್ಸ್‌ನದಾಗಿದ್ದರೆ ನಮ್ಮಲ್ಲಿ ಅದು ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ. ಎತ್ತುವ ಎತ್ತರ ಮೂರನೇ ಒಂದಂಶದಷ್ಟು ತಗ್ಗುತ್ತದೆ.

ಕರೆಂಟ್ ಹೋದಾಗ ನೆಲ ಒದ್ದೆ

ಇದು ಹರಿವಿನ ದೋಷಕ್ಕಿಂತ ದುಬಾರಿ. ಪಂಪ್ ನಿಂತ ಕೂಡಲೇ ರಿಟರ್ನ್ ಪೈಪಿನಲ್ಲಿ ನೀರು ಉಲ್ಟಾ ಇಳಿಯತೊಡಗುತ್ತದೆ, ಔಟ್‌ಲೆಟ್ಟಿಗೆ ಗಾಳಿ ಸಿಗುವತನಕ ನಿಲ್ಲುವುದಿಲ್ಲ. ಐದಡಿಗೆ ಎರಡಡಿ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ ಒಂಬತ್ತು ಲೀಟರಿಗೂ ತುಸು ಹೆಚ್ಚು. ಔಟ್‌ಲೆಟ್ ಎಂಟು ಸೆಂಟಿಮೀಟರ್ ಕೆಳಗಿದ್ದರೆ 74 ಲೀಟರ್. ಮೂರಡಿ ಉದ್ದ, ಒಂದೂಕಾಲಡಿ ಅಗಲದ ಸಂಪಿನಲ್ಲಿ ಅದು 21 ಸೆಂಟಿಮೀಟರ್ ಎತ್ತರ ಕೇಳುತ್ತದೆ. ಅಷ್ಟು ಜಾಗ ಬಿಡದ ಸಂಪು ಹಾಲಿನ ನೆಲದ ಮೇಲೆ ಉಕ್ಕುತ್ತದೆ, ಅದೂ ನೀವು ಮಲಗಿರುವಾಗ.

ಇದಕ್ಕೆಂದು ಎನ್‌ಆರ್‌ವಿ ಹಾಕಿಸುವವರಿದ್ದಾರೆ. ಕೇಶ್ವಾಪುರದ ಬಸವನಹುಳು ನೋಡಿದ ಮೇಲೆ ಅದನ್ನೇ ನಂಬಿ ಎಂದು ನಾನು ಯಾರಿಗೂ ಹೇಳಲಾರೆ. ಔಟ್‌ಲೆಟ್ಟನ್ನು ನೀರಿನ ಮಟ್ಟದಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆಳಗಿರುವಂತೆ ಏರಿಸಿ, ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಆರು ಮಿಲಿಮೀಟರಿನ ತೂತು ಕೊರೆಯಿರಿ. ನೀರು ತೂತಿನವರೆಗೆ ಇಳಿದೊಡನೆ ಗಾಳಿ ಎಳೆದುಕೊಂಡು ಸೈಫನ್ ಕಡಿಯುತ್ತದೆ. ಪಾಚಿ ಆ ತೂತನ್ನು ಮುಚ್ಚುತ್ತದೆ, ಆದ್ದರಿಂದ ಪ್ರತಿ ಸಲ ನೀರು ಬದಲಿಸುವಾಗ ಹಲ್ಲುಕಡ್ಡಿಯಿಂದ ಚುಚ್ಚಿ ತೆರೆಯಿರಿ. ಆಮೇಲೆ ನೀವೇ ಪ್ಲಗ್ ಕಿತ್ತು, ನೀರೆಲ್ಲ ಇಳಿದು ನಿಲ್ಲುವತನಕ ಸಂಪಿನ ಮುಂದೆ ಕೂತು ನೋಡಿ. ನಿಂತ ಮಟ್ಟ ಸಂಪಿನ ಅಂಚಿನಿಂದ ಕನಿಷ್ಠ ನಾಲ್ಕು ಬೆರಳು ಕೆಳಗಿರಲಿ. ಅದಕ್ಕಿಂತ ಮೇಲೆ ಬಂದರೆ ಓಡುವಾಗಿನ ಮಟ್ಟವನ್ನು ತಗ್ಗಿಸಿ ಹೊಸ ಗುರುತು ಹಾಕಿ.

ಹೊಸ ಪಂಪ್ ಬೇಕೇ ಬೇಕೆಂದಾದರೆ

ಬೇಕಾದ ಹರಿವು 2000 ಲೀಟರ್, ಎತ್ತರ 1.5 ಮೀಟರ್, ಒಂದು ಇಂಚಿನ ಪೈಪಿನ ತಿಕ್ಕಾಟ 0.4, ಒಟ್ಟು ಹತ್ತಿರ ಹತ್ತಿರ ಎರಡು ಮೀಟರ್. ಹಾಗಿದ್ದರೆ ಎರಡು ಮೀಟರಿನಲ್ಲಿ 2000 ಕೊಡುವ ಪಂಪ್ ಬೇಕು. ಪೆಟ್ಟಿಗೆಯ ಮೇಲೆ ಗ್ರಾಫ್ ಇದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ತಾಸಿಗೆ 4000, ಎಚ್-ಮ್ಯಾಕ್ಸ್ ನಾಲ್ಕು ಮೀಟರ್ ಇರುವುದು ಸರಿಸುಮಾರು ಹೊಂದುತ್ತದೆ. ಕೂಲರ್ ಪಂಪುಗಳಲ್ಲಿ ಹೆಚ್ಚಿನವುಗಳ ಎಚ್-ಮ್ಯಾಕ್ಸ್ ಎರಡು ಮೀಟರಿನೊಳಗೇ ಮುಗಿಯುತ್ತದೆ, ಈ ಕೆಲಸಕ್ಕೆ ಆಗದು. ಅರ್ಧ ಎಚ್‌ಪಿ ಮೋನೋಬ್ಲಾಕ್ ಹಾಕಿದರೆ ದಿನಕ್ಕೆ ಒಂಬತ್ತು ಯೂನಿಟ್ಟಿಗೆ ಕಮ್ಮಿಯಿಲ್ಲ, ಜೊತೆಗೆ ಅದರ ಒಳಗೆ ಕಬ್ಬಿಣ, ಹಿತ್ತಾಳೆ. 60 ವ್ಯಾಟಿನ ಪಂಪ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43. ಡಿಸಿ ಪಂಪ್ ಇನ್ನೂ ಕಮ್ಮಿ ತಿನ್ನುತ್ತದೆ, ವೇಗವನ್ನೂ ತಗ್ಗಿಸಬಹುದು, ಆದರೆ ಅದರ ಕಂಟ್ರೋಲರ್ ಕೆಟ್ಟರೆ ಇಲ್ಲಿ ತಕ್ಷಣ ಸಿಗುವ ಭರವಸೆಯಿಲ್ಲ. ಯಾವುದನ್ನೇ ಕೊಂಡರೂ ಇಂಪೆಲ್ಲರ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಸಿಕ್ಕರೆ ಒಂದು ತಂದಿಡಿ.

ಪಂಪ್ ದೊಡ್ಡದಾದಂತೆ ಇಳಿಯುವ ಪೈಪಿಗೂ ಆ ನೀರು ನುಂಗುವ ಶಕ್ತಿಯಿರಬೇಕು. ಇಳಿಯುವುದಕ್ಕೆ ಗುರುತ್ವ ಬಿಟ್ಟರೆ ಬೇರೆ ಬಲವಿಲ್ಲ. ಗೊಳಗೊಳ ಸದ್ದು, ನೀರು ಒಮ್ಮೆ ಏರಿ ಒಮ್ಮೆ ಇಳಿಯುವುದು, ಇವೆಲ್ಲ ಇಳಿಯುವ ಪೈಪ್ ತನ್ನ ಅಂಚಿನಲ್ಲಿ ದುಡಿಯುತ್ತಿರುವ ಲಕ್ಷಣ. ಮೊದಲು ಓವರ್‌ಫ್ಲೋ ಬಾಚಣಿಗೆಯಲ್ಲಿ (ನೀರು ಇಳಿಯುವ ಬಾಯಿಯ ಹಲ್ಲಿನಂಥ ಜಾಲರಿ) ಎಲೆ, ಸತ್ತ ಮೀನು, ಪಾಚಿ ಸಿಕ್ಕಿಲ್ಲವೇ ನೋಡಿ. ಅಲ್ಲಿ ಏನಿಲ್ಲವೆಂದರೆ ಪಂಪಿನ ಹೊರಬಾಯಿಯ ಬಾಲ್ ವಾಲ್ವನ್ನು ಸ್ವಲ್ಪ ಮುಚ್ಚಿ. ಹೊರಬಾಯಿ ಬಿಗಿದರೆ ಈ ಪಂಪುಗಳಿಗೆ ಬಾಧೆಯಿಲ್ಲ. ಒಳಬಾಯಿ ಬಿಗಿದರೆ ಮಾತ್ರ ನೀರಿಲ್ಲದೆ ಇಂಪೆಲ್ಲರ್ ಕಾಯ್ದು ಕೆಡುತ್ತದೆ, ಆದ್ದರಿಂದ ಅಲ್ಲಿ ವಾಲ್ವ್ ಬೇಡ. ಎರಡು ಪೈಪ್ ಇಳಿಯುವ ತೊಟ್ಟಿಯಲ್ಲಿ ಎತ್ತರದ ತುರ್ತು ಪೈಪು ಸದಾ ಒಣಗಿರಬೇಕು. ಹೊಸ ಪಂಪ್ ಹಚ್ಚಿದ ಮೇಲೆ ಅದರಲ್ಲಿ ನೀರು ಹರಿಯುತ್ತಿದ್ದರೆ ಬಾಲ್ ವಾಲ್ವನ್ನು ಇನ್ನಷ್ಟು ಬಿಗಿ ಮಾಡಿ, ಮತ್ತೆ ಬಕೆಟ್ ಹಿಡಿದು ಅಳೆಯಿರಿ. 2000 ಉಳಿದಿದ್ದರೆ ವಾಲ್ವನ್ನು ಅಲ್ಲೇ ಬಿಡಿ. ಉಳಿದಿಲ್ಲವೆಂದರೆ ಅಗಲಿಸಬೇಕಾದದ್ದು ಇಳಿಯುವ ಪೈಪನ್ನು.